ಮುಳ್ಳು ನೆಟ್ಟ ಕಾಲು

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೊರಟ ಬಸ್ಸು ತಳುಕನ್ನು ದಾಟಿದ ಮೇಲೆ ಹಸುರು ಕಡಿಮೆಯಾಗುತ್ತ ಬರುತ್ತದೆ. ಟಿ. ಎಸ್. ವೆಂಕಣ್ಣಯ್ಯನವರ ಹಾಗೂ ತ. ರಾ. ಸುಬ್ಬರಾಯರ ಹೆಸರುಗಳೊಡನೆ ಕನ್ನಡ ಸಾಹಿತ್ಯದಲ್ಲಿ ಸೇರಿಹೋದ ಊರು ಅದು. ಅಲ್ಲಿಂದಾಚೆಗೆ ಮೊಳಕಾಲ್ಮೂರಿನ ಸೀಮೆ. ಎಲ್ಲಿ ನೋಡಿದರೂ ಬಂಡೆಯ ಗುಡ್ಡ, ಕೆಂಪು ನೆಲ, ಶೇಂಗಾ ಹೊಲ, ಹೊಲದ ಬದುವಿನಲ್ಲಿ ಜಾಲಿ. ಕೆಲವು ವರ್ಷಗಳ ಹಿಂದೆ ಈ ದಾರಿಯಲ್ಲಿ ಬಸ್ಸು ಕೆಟ್ಟು ನಿಂತು, ಪ್ರಯಾಣಿಕರೆಲ್ಲ ಇಳಿದು ನೆರಳು ಹುಡುಕುತ್ತಿದ್ದೆವು. ಹತ್ತಿರದಲ್ಲೇ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಕಲ್ಲಿನ ಮೇಲೆ ಕುಳಿತು, ಒಂದು ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟುಕೊಂಡು, ಸೊಂಟದ ಸಂಚಿಯಿಂದ ಚಿಮಟ ತೆಗೆದು ಅಂಗಾಲನ್ನು ಕೆದಕುತ್ತಿದ್ದ. ಏನಾಯಿತೆಂದು ಕೇಳಿದೆ.

“ಏನಿಲ್ಲ ಮೇಷ್ಟ್ರೆ, ಮುಳ್ಳು. ಅರ್ಧ ಬಂತು, ಅರ್ಧ ಒಳಗೇ ಮುರೀತು. ಅದೇನು ನಮಗೆ ಹೊಸದೆ?” ಎಂದು ನಕ್ಕು, ಚಿಮಟವನ್ನು ಸಂಚಿಗೆ ಸೇರಿಸಿ, ಮಂದೆಯ ಹಿಂದೆ ನಡೆದೇಬಿಟ್ಟ.

ಒಳಗೇ ಮುರಿದು ಉಳಿದ ಆ ಅರ್ಧ ಮುಳ್ಳಿನ ಯೋಚನೆ ನನ್ನನ್ನು ಬಿಡಲಿಲ್ಲ. ಅದಕ್ಕೊಂದು ಚರಿತ್ರೆಯುಂಟು ಎಂಬುದು ಆಮೇಲೆ ಓದಿ ತಿಳಿದ ಸಂಗತಿ. ಆ ಚರಿತ್ರೆಯ ಮೊದಲ ಪುಟಗಳಲ್ಲಿ ನಮ್ಮ ಬಳ್ಳಾರಿಯ ಹೆಸರೂ ಇದೆಯೆಂಬುದನ್ನು ತಿಳಿದಾಗ, ವಾಚಕರಿಗೆ ಅದನ್ನು ಹೇಳಬೇಕೆನಿಸಿತು.

ಮುಳ್ಳು ಚುಚ್ಚಿದರೆ ಸಾಮಾನ್ಯವಾಗಿ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತು. ನೋಯುತ್ತದೆ, ಕೀವಾಗುತ್ತದೆ, ಒಡೆದು ಮಾಯುತ್ತದೆ. ಆದರೆ ಕೆಲವೊಮ್ಮೆ ಮುಳ್ಳಿನೊಡನೆ, ಅದಕ್ಕಂಟಿದ ಮಣ್ಣಿನೊಡನೆ, ಕಣ್ಣಿಗೆ ಕಾಣದ ಶಿಲೀಂಧ್ರವೊಂದು ಚರ್ಮದ ಕೆಳಗೆ ಸೇರಿಕೊಳ್ಳುತ್ತದೆ. ರೊಟ್ಟಿಯ ಮೇಲೆ ಬೂಷ್ಟಾಗಿ ಕಾಣಿಸಿಕೊಳ್ಳುವ ಕುಲಕ್ಕೇ ಸೇರಿದ ಜೀವಿ ಇದು. ಗಾಯ ಮಾಯುತ್ತದೆ; ಗಾಯವಾದದ್ದು ಮರೆತೂ ಹೋಗುತ್ತದೆ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಅದೇ ಜಾಗದಲ್ಲಿ ಒಂದು ಗಂಟು ಏಳುತ್ತದೆ. ಅದು ನೋಯುವುದಿಲ್ಲ, ಅದರ ಮೋಸವೆಲ್ಲ ಇರುವುದು ಇದರಲ್ಲಿಯೇ. ನೋಯದ ಗಂಟಿಗಾಗಿ ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವವರು ಯಾರು? ಗಂಟು ನಿಧಾನವಾಗಿ ಹರಡುತ್ತದೆ, ಪಾದ ಊದಿಕೊಳ್ಳುತ್ತದೆ, ಅಲ್ಲಲ್ಲಿ ಸಣ್ಣ ಬಾಯಿಗಳು ತೆರೆದು ಕೀವು ಒಸರುತ್ತದೆ. ಕೀವಿನೊಡನೆ ರವೆಯಂಥ ಸಣ್ಣ ಕಾಳುಗಳು ಉದುರುತ್ತವೆ. ಕೆಲವರಲ್ಲಿ ಕಪ್ಪು, ಕೆಲವರಲ್ಲಿ ಬಿಳಿ ಅಥವಾ ಹಳದಿ, ಕೆಲವರಲ್ಲಿ ಕೆಂಪು. ಊತ, ಒಸರುವ ಬಾಯಿಗಳು, ಕಾಳುಗಳು, ಈ ಮೂರೂ ಕೂಡಿದರೆ ವೈದ್ಯರು ಅದನ್ನು ಮೈಸಿಟೋಮ ಎನ್ನುತ್ತಾರೆ. ಮೂಳೆಯವರೆಗೂ ಇಳಿದು ಅದನ್ನು ಕೊರೆಯುವ ರೋಗವಿದು.

ನಮ್ಮಲ್ಲಿ ಕಾಲು ಊದಿದರೆ ಆನೆಕಾಲು ಎಂದುಬಿಡುವುದು ರೂಢಿ. ಆನೆಕಾಲು ಸೊಳ್ಳೆಯಿಂದ ಬರುವುದು, ಹುಳುವಿನ ಕಾಟ. ಇದಾದರೋ ಗಾಯದಿಂದ ಬರುವುದು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಪಾದದಲ್ಲೇ ಹೆಚ್ಚಾದರೂ ಕೈಗೆ, ಸೌದೆ ಹೊರುವವರ ಬೆನ್ನಿಗೆ ಬರುವುದೂ ಉಂಟು. ಗಾಯದ ಬಾಗಿಲಿನಿಂದ ಒಳಹೋಗುವ ಶಿಲೀಂಧ್ರ ಇದೊಂದೇ ಅಲ್ಲ. ಪೈರಿನ ಗರಿ ಕಣ್ಣಿಗೆ ತಗುಲಿ ಕರಿಗುಡ್ಡೆಯ ಮೇಲೆ ಹುಣ್ಣಾಗುವುದಕ್ಕೂ ದಕ್ಷಿಣ ಭಾರತದಲ್ಲಿ ಅನೇಕ ವೇಳೆ ಶಿಲೀಂಧ್ರವೇ ಕಾರಣ. ಎರಡೂ ದುಡಿಯುವವರ ರೋಗಗಳು.

ಇಂಥ ರೋಗ ಎಲ್ಲ ನೆಲದಲ್ಲೂ ಸಮನಾಗಿ ಕಾಣುವುದಿಲ್ಲ. ಭೂಮಧ್ಯರೇಖೆಯ ದಕ್ಷಿಣಕ್ಕೆ ೧೫ ಡಿಗ್ರಿಯಿಂದ ಉತ್ತರಕ್ಕೆ ೩೦ ಡಿಗ್ರಿಯವರೆಗಿನ ಪಟ್ಟಿಯೊಂದನ್ನು ವೈದ್ಯರು ಇದರ ನೆಲೆಯೆಂದು ಗುರುತಿಸಿದ್ದಾರೆ. ಸೂಡಾನ್, ಸೆನೆಗಲ್, ಮೆಕ್ಸಿಕೊ, ನಮ್ಮ ರಾಜಸ್ಥಾನ, ತಮಿಳುನಾಡು ಎಲ್ಲವೂ ಅದರೊಳಗೆ ಬರುತ್ತವೆ. ಅಲ್ಲಿಯ ಲಕ್ಷಣವನ್ನು ಕೇಳಿದರೆ ಚಳ್ಳಕೆರೆಯವರು ತಮ್ಮ ಊರಿನ ವರ್ಣನೆಯೆಂದೇ ತಿಳಿದಾರು: ಕೆಲವೇ ತಿಂಗಳ ಮಳೆ, ಉದ್ದವಾದ ಒಣಗಾಲ, ಮುಳ್ಳಿನ ಗಿಡ, ದನಕುರಿ, ಬರಿಗಾಲಿನ ಜನ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ೧೪ ಮತ್ತು ೧೫ ಡಿಗ್ರಿಗಳ ನಡುವೆ ಇವೆ. ಚಳ್ಳಕೆರೆಯಲ್ಲಿ ವರ್ಷದ ಮಳೆ ೫೦೦ ಮಿಲಿಮೀಟರಿನ ಆಸುಪಾಸು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೊಂದು.

ನಮ್ಮ ಹಿಂದಿನವರಿಗೆ ಈ ರೋಗದ ಪರಿಚಯವಿತ್ತೆ? ಇದ್ದಿತೆಂದೇ ತೋರುತ್ತದೆ. ಸುಶ್ರುತ ಸಂಹಿತೆಯಲ್ಲಿ ಕ್ಷುದ್ರರೋಗಗಳ ಪಟ್ಟಿಯಲ್ಲಿ ‘ವಲ್ಮೀಕ’ ಎಂಬ ರೋಗವೊಂದಿದೆ. ಅಂಗೈ, ಅಂಗಾಲು, ಕೀಲು, ಕುತ್ತಿಗೆಗಳಲ್ಲಿ ಹುತ್ತದಂತೆ ಮೆಲ್ಲಮೆಲ್ಲನೆ ಬೆಳೆಯುವ ಗಂಟು, ಅದಕ್ಕೆ ಹಲವು ಬಾಯಿಗಳು, ಆ ಬಾಯಿಗಳಿಂದ ಒಸರು. ವಲ್ಮೀಕವೆಂದರೆ ಹುತ್ತ ತಾನೆ! ಒಣನೆಲದ ಹುತ್ತವನ್ನು ಕಂಡವರಿಗೆ ಈ ಉಪಮೆಯ ಸೊಗಸನ್ನು ವಿವರಿಸಬೇಕಾದುದಿಲ್ಲ. ಹೊರಗೆ ಒಡೆದ ಮಣ್ಣಿನ ಗುಪ್ಪೆ, ಮೈಯೆಲ್ಲ ತೂತು, ಒಳಗೆ ಒಂದಕ್ಕೊಂದು ಕೂಡಿಕೊಂಡ ಸುರಂಗ. ಮೈಸಿಟೋಮ ತಗುಲಿದ ಪಾದವನ್ನು ಸೀಳಿ ನೋಡಿದ ಶಸ್ತ್ರವೈದ್ಯರು ಬರೆದಿರುವುದೂ ಇಂಥ ಸುರಂಗಗಳ ವಿಚಾರವನ್ನೇ. ಹೀಗಾಗಿ ಇಂದಿನ ವೈದ್ಯಚರಿತ್ರಕಾರರಲ್ಲಿ ಅನೇಕರು ವಲ್ಮೀಕವನ್ನು ಈ ರೋಗದೊಡನೆ ಹೋಲಿಸುತ್ತಾರೆ.

ಪಾಶ್ಚಾತ್ಯ ವೈದ್ಯದ ಕಡತಗಳಲ್ಲಿ ಇದು ಸ್ಪಷ್ಟವಾಗಿ ಕಾಣಿಸಿಕೊಂಡದ್ದು ೧೮೪೨ರಲ್ಲಿ. ಮದುರೆಯ ಔಷಧಾಲಯದಲ್ಲಿದ್ದ ಗಿಲ್ ಎಂಬ ವೈದ್ಯ ಇದನ್ನು ಆ ವರ್ಷ ವರ್ಣಿಸಿದ. ಮದುರೆಯಲ್ಲಿಯೇ ಇದ್ದ ಕೋಲ್‌ಬ್ರುಕ್ ೧೮೪೬ರಲ್ಲಿ ‘ಮದುರಾ ಪಾದ’ ಎಂಬ ಹೆಸರನ್ನು ಬಳಸಿದ. ಅದೇ ೧೮೪೬ರಲ್ಲಿ, ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಬಳ್ಳಾರಿಯ ದಂಡಿನ ವೈದ್ಯನಾಗಿದ್ದ ಗಾಡ್‌ಫ್ರೆ ತಾನು ಕಂಡ ರೋಗಿಗಳ ವಿಚಾರವನ್ನು ಪ್ರಕಟಿಸಿದ. ಈವರೆಗೆ ಯಾರೂ ವರ್ಣಿಸಿರದ ಪಾದದ ರೋಗವೆಂದು ಆತ ಅದನ್ನು ಕರೆದ. ಹುತ್ತದ ಉಪಮೆಯನ್ನು ಕೊಟ್ಟ ನಮ್ಮ ಹಳೆಯ ವೈದ್ಯರ ಸುದ್ದಿ ಅವನಿಗೆ ತಿಳಿದಿರಲಾರದು. ಮೊಳಕಾಲ್ಮೂರು ಆಗ ಮೈಸೂರು ಸೀಮೆಗೆ ಸೇರಿದ್ದಿತು, ಬಳ್ಳಾರಿ ಮದರಾಸು ಆಧಿಪತ್ಯಕ್ಕೆ. ಗಡಿ ಸರ್ಕಾರಗಳ ಲೆಕ್ಕ. ಮುಳ್ಳಿಗೂ ಮಣ್ಣಿಗೂ ಅದು ತಿಳಿಯದು. ಬಳ್ಳಾರಿಯ ನೆಲವೂ ರಾಂಪುರದ ನೆಲವೂ ಒಂದೇ.

ಹೆಸರು ಮಾತ್ರ ಮದುರೆಯದೇ ನಿಂತಿತು. ಬಳ್ಳಾರಿಯ ಹೆಸರು ಬೇರೊಂದು ದಾರಿಯಿಂದ ಮುಳ್ಳಿಗೆ ಅಂಟಿಕೊಂಡಿತು. ೧೮೭೦ರ ದಶಕದಲ್ಲಿ ಅಮೆರಿಕ ಖಂಡದ ಕಡೆಯಿಂದ ಭಾರತಕ್ಕೆ ತಂದ ಮುಳ್ಳಿನ ಗಿಡವೊಂದು ಈಗ ನಮ್ಮ ಒಣಸೀಮೆಯನ್ನೆಲ್ಲ ಆಕ್ರಮಿಸಿದೆ. ಜನ ಅದನ್ನು ‘ಬಳ್ಳಾರಿ ಜಾಲಿ’ ಎನ್ನುತ್ತಾರೆ. ಹವಾಯಿ ಚಪ್ಪಲಿಯ ರಬ್ಬರನ್ನು ತೂರಿ ಅಂಗಾಲನ್ನು ಮುಟ್ಟುವ ಮುಳ್ಳು ಅದರದು. ಗಾಡ್‌ಫ್ರೆಯ ಕಾಲದಲ್ಲಿ ಅದು ಇಲ್ಲಿ ಇರಲಿಲ್ಲ. ಆಗಿನ ಪಾದಗಳಿಗೆ ಕರಿಜಾಲಿ, ಕಾರೆ, ಎಲಚಿಗಳೇ ಸಾಕಾಗಿದ್ದುವು.

ಆ ಕಾಲದಲ್ಲಿ ರೋಗಕ್ಕೆ ಇದ್ದ ಮದ್ದು ಒಂದೇ, ಕಾಲನ್ನು ಕತ್ತರಿಸುವುದು. ಈಥರನ್ನು ಮೂಸಿಸಿ ನೋವರಿಯದಂತೆ ಶಸ್ತ್ರಕ್ರಿಯೆ ಮಾಡಬಹುದೆಂದು ಬಾಸ್ಟನ್ ನಗರದಲ್ಲಿ ಸಾರ್ವಜನಿಕವಾಗಿ ತೋರಿಸಿದ್ದು ೧೮೪೬ರ ಅಕ್ಟೋಬರಿನಲ್ಲಿ. ಅದಕ್ಕೆ ಹಿಂದೆ ಮದುರೆಯಲ್ಲಾಗಲಿ ಬಳ್ಳಾರಿಯಲ್ಲಾಗಲಿ ಕಾಲು ಕಳೆದುಕೊಂಡವರು ಎಚ್ಚರವಿದ್ದೇ ಕಳೆದುಕೊಂಡರು. ವೈದ್ಯರ ಹೆಸರು ಗ್ರಂಥಗಳಲ್ಲಿ ಉಳಿದಿದೆ. ಗರಗಸದ ಕೆಳಗೆ ಕಾಲಿಟ್ಟವರ ಹೆಸರನ್ನು ಚರಿತ್ರೆ ಹೇಳುವುದಿಲ್ಲ.

ಇದು ಶಿಲೀಂಧ್ರದ ಕೆಲಸವೆಂದು ಮೊದಲು ಸಾಧಿಸಿ, ಮೈಸಿಟೋಮ ಎಂಬ ಹೆಸರಿಟ್ಟವನು ಹೆನ್ರಿ ವಾನ್‌ಡೈಕ್ ಕಾರ್ಟರ್. ಈತನ ಹೆಸರು ತಿಳಿಯದವರಿಗೂ ಈತನ ಕೈಕೆಲಸ ಪರಿಚಿತ. ವೈದ್ಯ ವಿದ್ಯಾರ್ಥಿಗಳು ಇಂದಿಗೂ ಬಲ್ಲ ‘ಗ್ರೇಯ ಅಂಗರಚನಾಶಾಸ್ತ್ರ’ ೧೮೫೮ರಲ್ಲಿ ಹೊರಬಂದಾಗ ಅದರ ಚಿತ್ರಗಳನ್ನು ಬರೆದವನು ಇವನೇ. ಪುಸ್ತಕದ ಕೀರ್ತಿ ಗ್ರೇಗೆ ಹೋಯಿತು. ಮಾರಾಟದಿಂದ ಬಂದ ಸಂಭಾವನೆಯಲ್ಲಿ ಕಾರ್ಟರನಿಗೆ ಪಾಲು ಸಿಗಲಿಲ್ಲ. ಅದೇ ವರ್ಷ ಆತ ಭಾರತದ ವೈದ್ಯಕೀಯ ಸೇವೆಗೆ ಸೇರಿ ಬೊಂಬಾಯಿಗೆ ಬಂದ. ಅಲ್ಲಿ ಅವನ ಮುಂದೆ ಬಂದದ್ದು ಬಡವರ ಊದಿದ ಪಾದ. ಕತ್ತರಿಸಿ ತೆಗೆದ ಪಾದಗಳನ್ನು ಸೀಳಿ, ಕಾಳುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಮನುಷ್ಯದೇಹವನ್ನು ಚಿತ್ರಿಸಿದ ಕೈಯಿಂದಲೇ ಅವುಗಳನ್ನೂ ಚಿತ್ರಿಸಿದ. ೧೮೬೦ರಲ್ಲಿ ತನ್ನ ನಿರ್ಣಯವನ್ನು ಪ್ರಕಟಿಸಿ, ೧೮೭೪ರಲ್ಲಿ ಭಾರತದ ಈ ಶಿಲೀಂಧ್ರ ರೋಗವನ್ನು ಕುರಿತು ಒಂದು ಗ್ರಂಥವನ್ನೇ ಬರೆದ.

ಕಾರ್ಟರನೂ ತಪ್ಪಿದ್ದುಂಟು. ಅವನು ಕಳಿಸಿದ ಮಾದರಿಯ ಮೇಲೆ ಕೆಂಪು ಬೂಷ್ಟೊಂದು ಬೆಳೆಯಿತು. ಶಿಲೀಂಧ್ರಗಳ ವಿಷಯದಲ್ಲಿ ಇಂಗ್ಲೆಂಡಿನಲ್ಲಿ ಪ್ರಮಾಣವೆನಿಸಿದ್ದ ಬರ್ಕ್‌ಲಿ ಅದಕ್ಕೆ ಕಾರ್ಟರನ ಹೆಸರನ್ನೇ ಸೇರಿಸಿ ನಾಮಕರಣ ಮಾಡಿದ. ರೋಗದ ಮೂಲ ಸಿಕ್ಕಿತೆಂದು ಎಲ್ಲರೂ ತಿಳಿದರು. ಅದು ಹೊರಗಿನಿಂದ ಬಂದು ಸೇರಿಕೊಂಡ ಬೂಷ್ಟೆಂದು ತಿಳಿದದ್ದು ಆಮೇಲೆ. ೧೮೯೪ರಲ್ಲಿ ವಿನ್ಸೆಂಟ್ ಎಂಬ ಫ್ರೆಂಚ್ ವೈದ್ಯ ಅಲ್ಜೀರಿಯದ ರೋಗಿಯೊಬ್ಬನ ಪಾದದಿಂದ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದ. ಅದು ಶಿಲೀಂಧ್ರವಾಗಿರಲಿಲ್ಲ, ಶಿಲೀಂಧ್ರದಂತೆ ಎಳೆಯೆಳೆಯಾಗಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯ. ರೋಗಿ ಆಫ್ರಿಕದವನಾದರೂ ಅದಕ್ಕೆ ಬಿದ್ದ ಹೆಸರು ಮದುರೆಯದು. ಕಪ್ಪು ಕಾಳಿನ ನಿಜವಾದ ಶಿಲೀಂಧ್ರಕ್ಕೆ ೧೯೦೫ರಲ್ಲಿ ಬ್ರಂಪ್ಟ್ ಎಂಬಾತ ‘ಮದುರೆಲ್ಲ’ ಎಂದು ಕರೆದ. ೧೯೧೬ರಲ್ಲಿ ಖಾರ್ಟೂಮಿನ ಚಾಮರ್ಸ್ ಮತ್ತು ಆರ್ಚಿಬಾಲ್ಡ್ ಎಂಬ ವೈದ್ಯರು ಶಿಲೀಂಧ್ರದಿಂದ ಆದದ್ದು, ಬ್ಯಾಕ್ಟೀರಿಯದಿಂದ ಆದದ್ದು ಎಂದು ರೋಗವನ್ನು ಎರಡಾಗಿ ವಿಂಗಡಿಸಿದರು.

ಇದು ಪಂಡಿತರ ಹೆಸರಿನ ಜಗಳವೆಂದು ವಾಚಕರು ತಿಳಿಯಬಾರದು. ಈ ವಿಂಗಡಣೆಯ ಮೇಲೆ ಕಾಲು ಉಳಿಯುವುದು ನಿಂತಿದೆ. ಬ್ಯಾಕ್ಟೀರಿಯದ ಬಗೆಯಾದರೆ ಪ್ರತಿಜೈವಿಕ ಔಷಧಗಳಿಂದ, ತಿಂಗಳುಗಟ್ಟಲೆ ಬಿಡದೆ ಕೊಟ್ಟರೆ, ಬಹುಮಟ್ಟಿಗೆ ವಾಸಿಯಾಗುತ್ತದೆ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣುವುದು ಈ ಬಗೆಯೇ ಎಂಬುದು ಸಮಾಧಾನದ ಮಾತು. ಶಿಲೀಂಧ್ರದ ಬಗೆಯಾದರೆ ಬೇರೆಯೇ ಮಾತ್ರೆಗಳು, ವರ್ಷವೋ ಅದಕ್ಕೂ ಹೆಚ್ಚೋ ನುಂಗಬೇಕು, ಜೊತೆಗೆ ಶಸ್ತ್ರಕ್ರಿಯೆ. ಗಂಟು ನಿಂಬೆಹಣ್ಣಿನಷ್ಟಿರುವಾಗ ಬಂದವನಿಗೆ ಗಂಟು ಹೋಗುತ್ತದೆ. ಮೂಳೆ ಕೊರೆದ ಮೇಲೆ ಬಂದವನಿಗೆ ಕಾಲೇ ಹೋಗಬಹುದು.

ಈ ಶಿಲೀಂಧ್ರ ದೇಹದ ಹೊರಗೆ ಎಲ್ಲಿ ವಾಸಿಸುತ್ತದೆ? ಮಣ್ಣಿನಲ್ಲಿ ಎಂದು ಊಹಿಸುವುದು ಸುಲಭ, ಹಿಡಿದು ತೋರಿಸುವುದು ಕಷ್ಟ. ೧೯೬೮ರಲ್ಲಿ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಸೆನೆಗಲ್ಲಿನ ಒಣ ಜಾಲಿಮುಳ್ಳಿನ ಮೇಲೆಯೇ ಮೈಸಿಟೋಮದ ಒಂದು ಶಿಲೀಂಧ್ರವನ್ನು ಕಂಡರು. ಅದೇ ೧೯೬೮ರಲ್ಲಿ ನಮ್ಮ ಮಂಡಯಂ ಮನೆತನದ ಎಂ. ಜೆ. ತಿರುಮಲಾಚಾರ್ ಮತ್ತು ಅವರ ಸಹೋದ್ಯೋಗಿ ಪಾಧ್ಯೆ, ಭಾರತದ ಮಣ್ಣಿನಿಂದ ಮದುರೆಲ್ಲವನ್ನು ಬೇರ್ಪಡಿಸಿದ ವಿಚಾರವನ್ನು ಪ್ರಕಟಿಸಿದರು. ತಿರುಮಲಾಚಾರ್ ಪುಣೆಯ ಹತ್ತಿರದ ಪಿಂಪ್ರಿಯ ಹಿಂದೂಸ್ಥಾನ್ ಆ್ಯಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಶಿಲೀಂಧ್ರಗಳನ್ನು ಕೊಲ್ಲುವ ಹಾಮೈಸಿನ್ ಎಂಬ ಔಷಧವನ್ನು ಮಣ್ಣಿನ ಸೂಕ್ಷ್ಮಜೀವಿಯಿಂದಲೇ ತೆಗೆದವರು. ರೋಗವೂ ಮಣ್ಣಿನಲ್ಲಿ, ಮದ್ದೂ ಮಣ್ಣಿನಲ್ಲಿ. ಕನ್ನಡ ನಾಡಿನ ವಿಜ್ಞಾನಚರಿತ್ರೆಯನ್ನು ಬರೆಯುವವರು ಮರೆಯಬಾರದ ಹೆಸರು ಅವರದು.

ಇನ್ನು ನಮ್ಮ ಜನಜೀವನಕ್ಕೆ ಬರೋಣ. ಮುಳ್ಳಿನೊಡನೆ ಚಳ್ಳಕೆರೆಯ ಸೀಮೆಯವರ ನಂಟು ಕೇವಲ ನೋವಿನದಲ್ಲ. ಪುರ್ಲಹಳ್ಳಿಯ ಬಳಿ ನಡೆಯುವ ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆಯಲ್ಲಿ ದೇವರಿಗೆ ಮುಳ್ಳಿನ ಕಂಟಿಗಳಿಂದಲೇ ಎತ್ತರದ ಗುಡಿ ಕಟ್ಟುತ್ತಾರೆ. ಹರಕೆಯ ತರುಣರು ಬರಿಗಾಲಿನಲ್ಲಿ ಅದನ್ನು ಏರಿ ತುದಿಯ ಕಳಶವನ್ನು ಕೀಳುತ್ತಾರೆ. ನೋಡುವವರ ಮೈ ಜುಮ್ಮೆನ್ನುತ್ತದೆ. ಮುಳ್ಳಿನ ನಡುವೆ ದನಕುರಿಗಳನ್ನು ಕಾಯ್ದು ಬಾಳಿದ ಜನ, ಅದೇ ಮುಳ್ಳನ್ನು ದೇವರ ಮನೆಯಾಗಿಸಿ, ಅದರ ಭಯವನ್ನು ಗೆದ್ದು ತೋರಿಸುವ ಹಬ್ಬವಿದು. ನಾಗರಿಕರೆನಿಸಿಕೊಂಡವರು ಮೂಗು ಮುರಿಯುವ ಮೊದಲು ಅದರ ಹಿಂದಿನ ಬಾಳನ್ನು ಅರಿಯಬೇಕು.

ಹಾಗೆಯೇ ರೈತ ಕಣದೊಳಗೆ ಕೆರ ಮೆಟ್ಟುವುದಿಲ್ಲ. ಅದು ಅನ್ನದ ನೆಲ. ಮುಳ್ಳು ಮುರಿದರೆ ಎಕ್ಕದ ಹಾಲು ಹಚ್ಚುತ್ತಾರೆ, ಬೆಲ್ಲಸುಣ್ಣ ಕಟ್ಟುತ್ತಾರೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆ ರಾಜನೀತಿಗೆ ಒಳ್ಳೆಯದು, ಅಂಗಾಲಿಗೆ ಅಲ್ಲ. ಇನ್ನೊಂದು ಮುಳ್ಳಿನೊಡನೆ ಇನ್ನಷ್ಟು ಮಣ್ಣು ಒಳಗೆ ಹೋಗುತ್ತದೆ. ಆದರೆ ಬರಿಗಾಲಿಗೆಲ್ಲ ಭಕ್ತಿಯೂ ಅಭ್ಯಾಸವೂ ಕಾರಣವೆನ್ನುವುದು ನಮ್ಮ ತಪ್ಪನ್ನು ಮುಚ್ಚಿಟ್ಟುಕೊಳ್ಳುವ ಮಾತು. ಬಡತನ ಒಂದು ಕಾರಣ. ಅದಕ್ಕಿಂತ ಕ್ರೂರವಾದದ್ದು ಇನ್ನೊಂದು: ಮೇಲ್ಜಾತಿಯವರ ಬೀದಿಯಲ್ಲಿ ಕೆರ ಮೆಟ್ಟಿ ನಡೆಯಬಾರದೆಂದು ದಲಿತರಿಗೆ ಹಳ್ಳಿಹಳ್ಳಿಗಳಲ್ಲಿ ವಿಧಿಸಿದ್ದ ಕಟ್ಟಳೆ. ಊರಿಗೆಲ್ಲ ಕೆರ ಹೊಲಿದವನೇ ಕೆರವನ್ನು ಕಂಕುಳಲ್ಲಿಟ್ಟುಕೊಂಡು ನಡೆಯಬೇಕಾಗಿತ್ತು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕಥೆಯನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಅನಿಸುವುದುಂಟು: ಆ ಕೇರಿಯ ಪಾದಗಳಿಗೆ ರಕ್ಷೆ ಮಾಡಿಕೊಟ್ಟವರು ಯಾರು? ಪಾದಪೂಜೆಯ ನಾಡಿನಲ್ಲಿ ಪಾದದ ಚರಿತ್ರೆಯನ್ನು ನಾವು ಬರೆದುಕೊಂಡಿಲ್ಲ.

ಜಗತ್ತೂ ಇದನ್ನು ಬಹುಕಾಲ ಮರೆತೇ ಇದ್ದಿತು. ವಿಶ್ವ ಆರೋಗ್ಯ ಸಂಸ್ಥೆ ಮೈಸಿಟೋಮವನ್ನು ಅಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದ್ದು ೨೦೧೬ರಲ್ಲಿ. ಬಳ್ಳಾರಿಯ ವೈದ್ಯ ಬರೆದ ೧೭೦ ವರ್ಷಗಳ ಮೇಲೆ! ಈ ರೋಗಕ್ಕಾಗಿ ೧೯೯೧ರಲ್ಲಿ ಖಾರ್ಟೂಮಿನಲ್ಲಿ ಸ್ಥಾಪಿತವಾದ ಸಂಶೋಧನ ಕೇಂದ್ರ ಸಾವಿರಾರು ರೋಗಿಗಳನ್ನು ಕಂಡಿತು. ವಾರಕ್ಕೊಮ್ಮೆ ನುಂಗಿದರೆ ಸಾಕಾಗುವ ಹೊಸ ಔಷಧವೊಂದರ ಪರೀಕ್ಷೆ ಸೂಡಾನಿನಲ್ಲಿ ನಡೆದು, ದಿನವೂ ನುಂಗಬೇಕಾದ ಹಳೆಯ ಔಷಧಕ್ಕೆ ಅದು ಸರಿಸಮಾನವೆಂಬ ವರದಿ ೨೦೨೪ರಲ್ಲಿ ಬಂದಿತು. ಅದೂ ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯಲ್ಲಿಯೇ. ಆದರೆ ಅಷ್ಟು ಹೊತ್ತಿಗೆ, ೨೦೨೩ರಲ್ಲಿ ಆರಂಭವಾದ ಸೂಡಾನಿನ ಅಂತರ್ಯುದ್ಧ ಆ ಕೇಂದ್ರವನ್ನು ಮುಟ್ಟಿತ್ತು. ಕಟ್ಟಡ ನಾಶವಾಯಿತು, ದಶಕಗಳಿಂದ ಕೂಡಿಟ್ಟ ಮಾದರಿಗಳೂ ದಾಖಲೆಗಳೂ ಹೋದವು. ಹೆಸರಿಲ್ಲದೆ ಹೋದ ಹಳೆಯ ರೋಗಿಗಳ ಸಾಲಿಗೆ ಇವರೂ ಸೇರಿದರು.

ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕನ ಶಾಸನಗಳಿವೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು ಎಂಬ ಉಪದೇಶ ಅಲ್ಲಿದೆ. ಗಿರ್ನಾರ್ ಮೊದಲಾದೆಡೆಯ ಬೇರೆ ಶಾಸನದಲ್ಲಿ ಅದೇ ದೊರೆ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿ, ಔಷಧಿಯ ಗಿಡಗಳಿಲ್ಲದಲ್ಲಿ ತಂದು ನೆಡಿಸಿದೆನೆಂದು ಹೇಳಿಕೊಂಡಿದ್ದಾನೆ. ಆ ಬಂಡೆಗಳ ಪಕ್ಕದಲ್ಲಿ ಇಂದೂ ಕುರಿಮಂದೆಗಳು ಹಾದುಹೋಗುತ್ತವೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಅಕ್ಷರವನ್ನು ಗಾಜಿನ ಹಿಂದಿನ ಒಡವೆಯಂತೆ ಕಾಪಾಡಲು ನಾವು ಕಲಿತಿದ್ದೇವೆ. ಅದರ ಮುಂದೆ ನಡೆಯುವ ಪಾದವನ್ನು ಕಾಪಾಡುವುದು ಅದಕ್ಕಿಂತ ಸುಲಭದ ಕೆಲಸ: ಮುಳ್ಳು ತೂರದ ಗಟ್ಟಿ ಅಟ್ಟೆಯ ಒಂದು ಜೊತೆ ಮೆಟ್ಟು, ಮುಳ್ಳು ತೆಗೆದೊಡನೆ ಸೋಪಿನಿಂದ ತೊಳೆಯುವ ಒಂದು ಚೊಂಬು ನೀರು, ಮತ್ತು ನೋಯದ ಗಂಟನ್ನು ನೋಯುವ ಮೊದಲೇ ವೈದ್ಯರಿಗೆ ತೋರಿಸಬೇಕೆಂಬ ಒಂದು ತಿಳಿವಳಿಕೆ.

ಆ ಮುದುಕನಿಗೆ ನಾನು ಇದಿಷ್ಟನ್ನೂ ಹೇಳಬೇಕಾಗಿತ್ತು. ಆಗ ನನಗೇ ತಿಳಿದಿರಲಿಲ್ಲ. ಬಸ್ಸು ಸರಿಯಾಗುವ ಹೊತ್ತಿಗೆ ಅವನು ಮಂದೆಯೊಡನೆ ಗುಡ್ಡದ ಮರೆಗೆ ಹೋಗಿದ್ದ. ಕೆಂಪು ಮಣ್ಣಿನ ಮೇಲೆ ಬರಿಗಾಲಿನ ಹೆಜ್ಜೆ ಮಾತ್ರ ಉಳಿದಿತ್ತು.